ಹಾರ್ಸ್ ರೇಸ್ ಹ್ಯಾಂಡಿಕ್ಯಾಪಿಂಗ್ ಟೂರ್ನಮೆಂಟ್ ಆಡೋದು ಹೇಗೆ: ವಿನ್ನರ್ ಹಿಡಿದ್ರೂ ಬೋರ್ಡ್ ಮಧ್ಯದಲ್ಲೇ ಉಳಿಯೋರಿಗೆ ಸಮಗ್ರ ಮಾರ್ಗದರ್ಶಿ

ಹ್ಯಾಂಡಿಕ್ಯಾಪಿಂಗ್ ಟೂರ್ನಮೆಂಟ್ ಅಂದ್ರೆ ಹಲವು ರೇಸ್‌ಗಳಲ್ಲಿ ಕುದುರೆ ಆರಿಸಿ, ಒಟ್ಟು ಸ್ಕೋರಲ್ಲಿ ಬೇರೆ ಆಟಗಾರರ ಜೊತೆ ಪೈಪೋಟಿ ಮಾಡೋದು. ಇದರ ಬಗ್ಗೆ ಒಂದೇ ಪ್ರಶ್ನೆ ಬೇರೆ ಬೇರೆ ಥರ ಬರ್ತಾನೇ ಇದೆ. "12 ರೇಸಲ್ಲಿ 5 ವಿನ್ನರ್ ಹಿಡಿದೆ, ಆದ್ರೂ ಲೀಡರ್‌ಬೋರ್ಡಲ್ಲಿ ಮಧ್ಯದಲ್ಲಿದ್ದೀನಿ, ಮೂರೇ ವಿನ್ನರ್ ಹಿಡಿದೋನು ಮೇಲೆ ಕೂತಿದ್ದಾನೆ, ಇದು ಹೆಂಗೆ?" ಅಂತ. ಉತ್ತರ ಸಿಂಪಲ್: ನೀವು ಕೌಂಟರಲ್ಲಿ ಬೆಟ್ ಹಾಕೋ ಥರ ಟೂರ್ನಮೆಂಟ್ ಆಡ್ತಿದ್ದೀರ. ಕೌಂಟರಲ್ಲಿ ಒಂದೊಂದು ರೇಸೂ ಬೇರೆ ಲೆಕ್ಕ, ಟೂರ್ನಮೆಂಟಲ್ಲಿ ಒಟ್ಟು ಸ್ಕೋರ್ ಮಾತ್ರ ಲೆಕ್ಕ, ಅದೂ ಮೇಲಿನ ಕೆಲವರಿಗೆ ಮಾತ್ರ ಬಹುಮಾನ ಇರುತ್ತೆ. ಎಷ್ಟೋ ಟೂರ್ನಮೆಂಟಲ್ಲಿ 10ನೇ ಜಾಗಕ್ಕೂ 90ನೇ ಜಾಗಕ್ಕೂ ಸಿಗೋದು ಒಂದೇ, ಸೊನ್ನೆ.

ಇಲ್ಲಿ ಹೇಳ್ತಿರೋದೆಲ್ಲ ಅಮೆರಿಕದ ಟೂರ್ನಮೆಂಟ್‌ಗಳ ಬಗ್ಗೆ, ಯಾಕಂದ್ರೆ ಈ ಆಟ ದೊಡ್ಡದಾಗಿ ನಡೆಯೋದೇ ಅಲ್ಲಿ. ಫಾರ್ಮ್ ಓದೋದು ಅಲ್ಪಸ್ವಲ್ಪ ಗೊತ್ತು ಅಂತ ಅಂದ್ಕೊಂಡೇ ಬರೀತಿದ್ದೀನಿ.

## ಕೂರೋ ಮುಂಚೆ ಕೈಯಲ್ಲಿ ಇರಬೇಕಾದ್ದು

ಮೊದಲನೇದು ಪಾಸ್ಟ್ ಪರ್ಫಾರ್ಮೆನ್ಸ್, ಅಂದ್ರೆ ಪ್ರತಿ ಕುದುರೆಯ ಹಿಂದಿನ ರೇಸ್‌ಗಳ ವಿವರ ಇರೋ ಶೀಟ್. ಡೈಲಿ ರೇಸಿಂಗ್ ಫಾರ್ಮ್, ಬ್ರಿಸ್‌ನೆಟ್, ಈಕ್ವಿಬೇಸ್ ಯಾವುದಾದ್ರೂ ಸರಿ, ಆದ್ರೆ ಒಂದನ್ನೇ ಹಿಡ್ಕೊಳ್ಳಿ. ಡೈಲಿ ರೇಸಿಂಗ್ ಫಾರ್ಮಲ್ಲಿ ಬರೋ ಬೇಯರ್ ಸ್ಪೀಡ್ ಫಿಗರ್ (ಒಂದು ರೇಸಲ್ಲಿ ಕುದುರೆ ಎಷ್ಟು ವೇಗವಾಗಿ ಓಡ್ತು ಅನ್ನೋ ಅಂಕಿ, ಜಾಸ್ತಿ ಇದ್ದಷ್ಟು ಒಳ್ಳೇದು) ಬೇರೆ, ಬ್ರಿಸ್‌ನೆಟ್ ಸ್ಪೀಡ್ ರೇಟಿಂಗ್ ಬೇರೆ, ಎರಡನ್ನೂ ಮಿಕ್ಸ್ ಮಾಡಿ ಹೋಲಿಸಿದ್ರೆ ತಲೆ ಕೆಡುತ್ತೆ ಅಷ್ಟೇ.

ಎರಡನೇದು ಲೈವ್ ಆಡ್ಸ್ ತೋರಿಸೋ ಸ್ಕ್ರೀನ್. ಆಡ್ಸ್ ಅಂದ್ರೆ ಗೆದ್ರೆ ಹಾಕಿದ ದುಡ್ಡಿಗೆ ಸಿಗೋ ಲಾಭ, 20-1 ಅಂದ್ರೆ 1 ಡಾಲರಿಗೆ 20. ಮೂರನೇದು ಟೂರ್ನಮೆಂಟಿನ ರೂಲ್ಸ್, ಪ್ರಿಂಟ್ ತಗೊಂಡ್ರೆ ಒಳ್ಳೇದು. ನಾಲ್ಕನೇದು ಒಂದು ಹಾಳೆ ಅಥವಾ ಸ್ಪ್ರೆಡ್‌ಶೀಟ್, ಅದ್ರಲ್ಲಿ ರೇಸ್ ನಂಬರ್, ಹೊರಡೋ ಟೈಮ್, ನಿಮ್ಮ ಕುದುರೆ, ಆಲ್ಟರ್ನೇಟ್ (ಬದಲಿ) ಕುದುರೆ, ಎಷ್ಟು ಆಡ್ಸ್ ಇದ್ರೆ ಮಾತ್ರ ತಗೋತೀರ ಅನ್ನೋ ಕಾಲಂಗಳು. ಈ ಕೊನೇ ಕಾಲಂ ಯಾರೂ ಬರೆಯಲ್ಲ, ಅರ್ಧ ಸೋಲು ಅಲ್ಲಿಂದಲೇ ಶುರು ಆಗೋದು.

## ಹಂತ 1: ಇದು ಯಾವ ಥರದ ಟೂರ್ನಮೆಂಟ್ ಅಂತ ಗುರುತಿಸಿ

ಎರಡು ಪ್ರಶ್ನೆ ಕೇಳ್ಕೊಳ್ಳಿ. ನಿಜವಾದ ದುಡ್ಡು ಹಾಕ್ತೀರಾ, ಲೆಕ್ಕಕ್ಕೆ ಮಾತ್ರಾನಾ? ಎಲ್ಲಾ ಕುದುರೆನೂ ಮೊದಲೇ ಕೊಟ್ಟುಬಿಡಬೇಕಾ, ರೇಸ್ ರೇಸಿಗೂ ಆರಿಸಬಹುದಾ?

ಲೆಕ್ಕಕ್ಕೆ ಮಾತ್ರ ಅನ್ನೋದನ್ನ ಮಿಥಿಕಲ್ ಅಂತಾರೆ. ಪ್ರತಿ ರೇಸಲ್ಲೂ ಒಂದು ಕುದುರೆ ಆರಿಸ್ತೀರ, ಅದರ ಮೇಲೆ 2 ಡಾಲರ್ ವಿನ್ (ಮೊದಲನೇದು ಬಂದ್ರೆ ಮಾತ್ರ ದುಡ್ಡು), 2 ಡಾಲರ್ ಪ್ಲೇಸ್ ಹಾಕಿದ ಹಾಗೆ ಲೆಕ್ಕ ಹಾಕಿ, ಟ್ರ್ಯಾಕ್ ಕೊಟ್ಟ ಡಿವಿಡೆಂಡೇ ನಿಮ್ಮ ಪಾಯಿಂಟ್. ಗಮನಿಸಿ, ಅಮೆರಿಕದಲ್ಲಿ ಪ್ಲೇಸ್ ಅಂದ್ರೆ ಮೊದಲ ಎರಡು ಸ್ಥಾನ ಮಾತ್ರ, ಮೂರನೇದು ಶೋ. ಬೇರೆ ಕಡೆ ಮೂರನೇ ಸ್ಥಾನಕ್ಕೂ ಪ್ಲೇಸ್ ದುಡ್ಡು ನೋಡಿ ಅಭ್ಯಾಸ ಇರೋರು ಇಲ್ಲಿ ಮೂರನೇದು ಬಂದಾಗ ಪಾಯಿಂಟ್ ಯಾಕೆ ಬಂದಿಲ್ಲ ಅಂತ ಹುಡುಕ್ತಾ ಕೂರ್ತಾರೆ.

ನಿಜವಾದ ದುಡ್ಡಿಂದು ಲೈವ್ ಮನಿ. ಇದರ ಆಟವೇ ಬೇರೆ, ಕೊನೇಲಿ ಹೇಳ್ತೀನಿ.

ಎಲ್ಲಾ ಆಯ್ಕೆನೂ ಮೊದಲ ರೇಸಿಗೆ ಮುಂಚೆನೇ ಕೊಡೋದಾದ್ರೆ ಅದು ಪಿಕ್ ಅಂಡ್ ಪ್ರೇ. ಆಮೇಲೆ ಏನೂ ಬದಲಾಯಿಸೋಕಾಗಲ್ಲ, ದೇವರ ಮೇಲೆ ಭಾರ ಹಾಕಿ ಕೂರೋದು. ಹೊಸಬ್ರು ಇದನ್ನೇ ಮೊದಲು ಆಡಿ ಅಂತ ನಾನು ಹೇಳೋದು, ಯಾಕಂದ್ರೆ ಎದುರಾಳಿಗಳ ಸ್ಕೋರ್ ನೋಡಿ ಗಾಬರಿಯಾಗಿ ಮನಸ್ಸು ಬದಲಾಯಿಸೋ ಅವಕಾಶನೇ ಇರಲ್ಲ.

ಮೇಲಿನ ಮಟ್ಟದಲ್ಲಿ ಇರೋದು ಎನ್‌ಎಚ್‌ಸಿ, ಅಂದ್ರೆ ನ್ಯಾಷನಲ್ ಹಾರ್ಸ್‌ಪ್ಲೇಯರ್ಸ್ ಚಾಂಪಿಯನ್‌ಶಿಪ್, ಲಾಸ್ ವೇಗಸ್‌ನಲ್ಲಿ ನಡೆಯುತ್ತೆ. ಅದಕ್ಕೆ ದುಡ್ಡು ಕೊಟ್ಟು ನೇರವಾಗಿ ಸೀಟ್ ತಗೊಳ್ಳೋಕೆ ಆಗಲ್ಲ, ಟ್ರ್ಯಾಕ್‌ಗಳಲ್ಲೋ ಆನ್‌ಲೈನಲ್ಲೋ ನಡೆಯೋ ಕ್ವಾಲಿಫೈಯರ್‌ಗಳ ಮೂಲಕವೇ ಹೋಗಬೇಕು, ಒಬ್ಬರಿಗೆ ಗರಿಷ್ಠ ಎರಡು ಎಂಟ್ರಿ. ಗೆದ್ದವರಿಗೆ ವರ್ಷದ ಅತ್ಯುತ್ತಮ ಹಾರ್ಸ್‌ಪ್ಲೇಯರ್ ಅಂತ ಎಕ್ಲಿಪ್ಸ್ ಅವಾರ್ಡ್ ಕೊಡ್ತಾರೆ. ಕ್ವಾಲಿಫೈಯರ್ ಆಡೋ ಮುಂಚೆ ಎನ್‌ಎಚ್‌ಸಿ ಟೂರ್ ಮೆಂಬರ್‌ಶಿಪ್ ಮಾಡಿಸ್ಕೊಳ್ಳಿ, ಗೆದ್ದ ಮೇಲೆ ನೋಡೋಣ ಅಂತ ಬಿಡಬೇಡಿ.

## ಹಂತ 2: ರೂಲ್ಸ್ ಓದಿ, ಈ ಐದು ವಿಷಯ ಹಾಳೆಗೆ ಬರ್ಕೊಳ್ಳಿ

1. ಕ್ಯಾಪ್, ಅಂದ್ರೆ ಪಾಯಿಂಟ್ ಲೆಕ್ಕಕ್ಕೆ ತಗೊಳ್ಳೋ ಗರಿಷ್ಠ ಆಡ್ಸ್, ಎಷ್ಟು. ಹೆಚ್ಚಿನ ಕಡೆ ವಿನ್‌ಗೆ 20-1, ಪ್ಲೇಸ್‌ಗೆ 10-1. ಅಂದ್ರೆ ನಿಮ್ಮ ಕುದುರೆ 50-1ರಲ್ಲಿ ಗೆದ್ರೂ ವಿನ್‌ಗೆ 42 (40 ಲಾಭ, ಹಾಕಿದ 2 ವಾಪಸ್), ಪ್ಲೇಸ್‌ಗೆ 22, ಒಟ್ಟು 64ರ ಮೇಲೆ ಒಂದು ಪೈಸೆನೂ ಇಲ್ಲ. ಹಾಗಾಗಿ 50-1 ಕುದುರೆ ಹಿಂದೆ ಬೀಳೋದ್ರಲ್ಲಿ ಅರ್ಥ ಇಲ್ಲ, ಕಷ್ಟ ಜಾಸ್ತಿ, ಕೂಲಿ ಅಷ್ಟೇ.

2. ಕುದುರೆ ಸ್ಕ್ರ್ಯಾಚ್ ಆದ್ರೆ, ಅಂದ್ರೆ ಓಡದೇ ಹಿಂದೆ ಸರಿದ್ರೆ, ಏನು. ಆಲ್ಟರ್ನೇಟ್ ಕೊಟ್ಟಿದ್ರೆ ಅದು ಬರುತ್ತೆ, ಕೊಡದೇ ಇದ್ರೆ ತುಂಬ ಕಡೆ ಆ ರೇಸಿನ ಫೇವರಿಟ್ (ಜನ ಜಾಸ್ತಿ ದುಡ್ಡು ಹಾಕಿರೋ, ಆಡ್ಸ್ ಎಲ್ಲಕ್ಕಿಂತ ಕಡಿಮೆ ಇರೋ ಕುದುರೆ) ನಿಮಗೆ ಬಂದು ಬೀಳುತ್ತೆ. ಕೆಲವು ಕಡೆ ಏನೂ ಬರಲ್ಲ.

3. ಆಯ್ಕೆ ಯಾವಾಗ ಲಾಕ್ ಆಗುತ್ತೆ. ಬೋರ್ಡಲ್ಲಿ ಪೋಸ್ಟ್ ಟೈಮ್‌ಗೆ (ರೇಸ್ ಶುರು ಆಗಬೇಕಾದ ಸಮಯಕ್ಕೆ) ಸೊನ್ನೆ ನಿಮಿಷ ಅಂತ ತೋರಿಸಿದ ಮೇಲೂ ಅಮೆರಿಕದ ಎಷ್ಟೋ ಟ್ರ್ಯಾಕಲ್ಲಿ ಕುದುರೆಗಳು ಇನ್ನೂ ಕೆಲವು ನಿಮಿಷ ಓಡಾಡ್ಕೊಂಡೇ ಇರ್ತಾವೆ. ಟೂರ್ನಮೆಂಟ್ ಲಾಕ್ ಆಗೋದು ಆ ಸೊನ್ನೆಗಾ, ಗೇಟು ತೆಗೆದಾಗಲಾ ಅನ್ನೋದು ಗೊತ್ತಿರಲೇಬೇಕು.

4. ಯಾವ ರೇಸ್ ಕಡ್ಡಾಯ, ಯಾವುದು ನಿಮ್ಮ ಇಷ್ಟ. ಎನ್‌ಎಚ್‌ಸಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಮೊದಲೆರಡು ದಿನ ದಿನಕ್ಕೆ 18 ರೇಸ್, ಅದ್ರಲ್ಲಿ 8 ಕಡ್ಡಾಯ, 10 ನಿಮ್ಮ ಆಯ್ಕೆ. ಮೇಲಿನ 10% ಜನ ಸೆಮಿಫೈನಲ್‌ಗೆ ಹೋಗ್ತಾರೆ, ಅಲ್ಲಿಂದ 10 ಜನ ಫೈನಲ್ ಟೇಬಲ್‌ಗೆ, ಅಲ್ಲಿ ಹತ್ತೂ ಜನಕ್ಕೆ ಒಂದೇ ಕಡ್ಡಾಯ ರೇಸ್‌ಗಳು.

5. ಆಯೋಜಕರ ಕಟ್. ಎಂಟ್ರಿ ಫೀಯನ್ನ ಎಂಟ್ರಿ ಸಂಖ್ಯೆಗೆ ಗುಣಿಸಿ, ಬಹುಮಾನದ ಮೊತ್ತ ಕಳೀರಿ. 100 ಡಾಲರಿನ 80 ಎಂಟ್ರಿ ಅಂದ್ರೆ 8,000, ಬಹುಮಾನ 7,200 ಇದ್ರೆ ಕಟ್ 10%. ಬಹುಮಾನ ಗ್ಯಾರಂಟಿ ಅಂತ ಹೇಳಿ ಎಂಟ್ರಿ ಕಡಿಮೆ ಬಂದಿದ್ರೆ ಅದು ಆಟಗಾರನಿಗೆ ಲಾಭ, ಅಂಥದ್ದು ಕಂಡ್ರೆ ಬಿಡಬೇಡಿ. ಬಹುಮಾನದ ಲೆಕ್ಕ ಕೊಡದೆ "ಆಕರ್ಷಕ ಬಹುಮಾನ" ಅಂತ ಮಾತ್ರ ಬರೆದಿರೋರು, ಮಳೆಗೆ ರೇಸ್ ಕ್ಯಾನ್ಸಲ್ ಆದ್ರೆ ಏನು ಅಂತ ಹೇಳದೇ ಇರೋರು, ಅಂಥವರ ಹತ್ರ ಹೋಗಬೇಡಿ.

ಆನ್‌ಲೈನ್ ಆದ್ರೆ ಇನ್ನೊಂದು: ಅಮೆರಿಕದ ಎಲ್ಲಾ ರಾಜ್ಯದವರಿಗೂ ಆಡೋಕೆ ಅವಕಾಶ ಇರಲ್ಲ, ವಯಸ್ಸಿನ ಮಿತಿನೂ ಇರುತ್ತೆ, ದುಡ್ಡು ಹಾಕೋ ಮುಂಚೆನೇ ನೋಡ್ಕೊಳ್ಳಿ.

## ಹಂತ 3: ಎಷ್ಟು ಸ್ಕೋರ್ ಬೇಕು ಅಂತ ಮೊದಲೇ ತೀರ್ಮಾನ ಮಾಡಿ

ಎಲ್ಲರೂ ಬಿಟ್ಟುಹೋಗೋ ಹಂತ ಇದು. ಸೀದಾ ರೇಸ್ ಶೀಟ್ ತೆಗೆದು "ಒಂದನೇ ರೇಸಲ್ಲಿ ಯಾರು ಗೆಲ್ತಾರೆ" ಅಂತ ಶುರು ಹಚ್ಕೊಳ್ತಾರೆ. ತಡೀರಿ, ಎಷ್ಟು ಬೇಕು ಅಂತ ಗೊತ್ತಿಲ್ಲದೆ ಯಾವ ಕುದುರೆ ಬೇಕು ಅಂತ ಹೆಂಗೆ ಗೊತ್ತಾಗುತ್ತೆ?

ಅದೇ ಟೂರ್ನಮೆಂಟಿನ ಹಿಂದಿನ ರಿಸಲ್ಟ್ ತೆಗೀರಿ, ಅಷ್ಟೇ ರೇಸ್, ಸುಮಾರು ಅಷ್ಟೇ ಎಂಟ್ರಿ ಇದ್ದದ್ದು. ಬಹುಮಾನ ಸಿಕ್ಕ ಕೊನೇ ಸ್ಥಾನದವನ ಸ್ಕೋರ್ ನೋಡಿ. ನಾಲ್ಕೈದು ರಿಸಲ್ಟ್ ನೋಡಿದ್ರೆ ಒಂದು ಅಂದಾಜು ಸಿಗುತ್ತೆ. ಉದಾಹರಣೆಗೆ 12 ರೇಸಿಗೆ 110 ಬೇಕು ಅಂತಿಟ್ಕೊಳ್ಳಿ.

ಈಗ ಲೆಕ್ಕ ಮಾಡಿ. 8-5 ಫೇವರಿಟ್ ಗೆದ್ರೆ ವಿನ್‌ಗೆ 5.20, ಪ್ಲೇಸ್‌ಗೆ 3.20 ಅಂತಿಟ್ಕೊಂಡ್ರೆ ಒಟ್ಟು 8.40. ಇಂಥ ಐದು ಫೇವರಿಟ್ ಗೆದ್ರೂ 42 ಪಾಯಿಂಟ್. 20-1 ಕುದುರೆ ಒಂದೇ ಒಂದು ಗೆದ್ರೆ ಅದರ ವಿನ್ ಭಾಗವೇ 42, ಪ್ಲೇಸ್ ಇನ್ನೂ ಮೇಲೆ ಬರ್ಬೇಕು! ಐದು ವಿನ್ನರ್ ಹಿಡಿದೋನು ಮಧ್ಯದಲ್ಲಿ ಉಳಿದದ್ದು ಇದಕ್ಕೇ.

110 ಬರೋದು ಹೆಂಗೆ? ಒಂದು 20-1 ಕುದುರೆ, ಪ್ಲೇಸ್ ಸೇರಿ 58. ಒಂದು 8-1 ಕುದುರೆ, ವಿನ್ 18, ಪ್ಲೇಸ್ ಏಳೆಂಟು, ಸುಮಾರು 25. ಒಂದು 5-1 ಕುದುರೆ, 12 ಜೊತೆಗೆ ಪ್ಲೇಸ್, 17. ಇನ್ನೆರಡು ಕುದುರೆ ಎರಡನೇದು ಬಂದು ಐದೈದು ಕೊಟ್ರೆ ಮುಗೀತು. ಅಂದ್ರೆ ಹನ್ನೆರಡರಲ್ಲಿ ಮೂರು ಗೆದ್ದು, ಎರಡು ಎರಡನೇದು ಬಂದ್ರೆ ಸಾಕು, ಉಳಿದ ಏಳು ಸೋತ್ರೂ ಪರ್ವಾಗಿಲ್ಲ. ಇದು ತಲೆಗೆ ಹೋಗದೇ ಇದ್ರೆ ನಾಲ್ಕು ಸೋಲಾದ ಮೇಲೆ ಹೆದರಿ ಫೇವರಿಟ್ ಹಿಡಿಯೋಕೆ ಶುರು ಮಾಡ್ತೀರ, ಅಲ್ಲಿಗೆ ಕಥೆ ಮುಗೀತು.

ಹಾಗಂತ ಪ್ಲೇಸ್‌ನ ಚಿಲ್ಲರೆ ಅಂತ ಬಿಡೋ ಹಾಗಿಲ್ಲ. 2012ರ ಎನ್‌ಎಚ್‌ಸಿಯಲ್ಲಿ ಮೈಕೆಲ್ ಬೇಚಾಕ್ 10 ಲಕ್ಷ ಡಾಲರ್ ಬಹುಮಾನ ಗೆದ್ದದ್ದು ಬರೀ 1 ಡಾಲರ್ ಅಂತರದಲ್ಲಿ.

## ಹಂತ 4: ರೇಸ್‌ಗಳನ್ನ ಮೂರು ಗುಂಪು ಮಾಡಿ

ಒಂದು, ಫೇವರಿಟ್ ನಿಜವಾಗ್ಲೂ ಗಟ್ಟಿ ಇರೋ ರೇಸ್, ಐದಾರೇ ಕುದುರೆ, ಎಲ್ಲ ವಿಷಯದಲ್ಲೂ ಒಂದೇ ಮುಂದಿದೆ. ಎರಡು, ಫೇವರಿಟ್ ಮೇಲೆ ಡೌಟ್ ಇರೋ ರೇಸ್. ಮೂರು, ಹತ್ತು ಹನ್ನೆರಡು ಕುದುರೆ ಇರೋ, ಯಾರು ಬೇಕಾದ್ರೂ ಗೆಲ್ಲಬಹುದಾದ ರೇಸ್.

ಇಷ್ಟದ ರೇಸ್ ಆರಿಸೋ ಅವಕಾಶ ಇದ್ರೆ ಒಂದನೇ ಗುಂಪನ್ನ ಮುಟ್ಟಲೇಬೇಡಿ. ನಿಮ್ಮ ಸಮಯ ಪೂರ್ತಿ ಎರಡು ಮೂರನೇ ಗುಂಪಿಗೆ. ಅಮೆರಿಕದಲ್ಲಿ ಫೇವರಿಟ್ ಗೆಲ್ಲೋದು ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಉಳಿದ ರೇಸ್‌ಗಳಲ್ಲೇ ನಿಮ್ಮ ಸ್ಕೋರ್ ಅಡಗಿರೋದು. ಒಂದನೇ ಗುಂಪಿನ ರೇಸ್ ಕಡ್ಡಾಯ ಆಗಿದ್ರೆ ಎರಡನೇದು ಬರೋ ಚಾನ್ಸ್ ಇರೋ ಸ್ವಲ್ಪ ದೊಡ್ಡ ಆಡ್ಸ್ ಕುದುರೆ ತಗೊಳ್ಳಿ, ಫೇವರಿಟ್ ಎಡವಿದ್ರೆ ಜಾಕ್‌ಪಾಟ್.

## ಹಂತ 5: ಆಡ್ಸ್ ದೊಡ್ಡದಿರೋದಕ್ಕೆ ಕಾರಣ ಇರಬೇಕು, ಗೆಲ್ಲೋದಕ್ಕೂ ಕಾರಣ ಇರಬೇಕು

ಲಾಂಗ್‌ಶಾಟ್ ಬೇಕು ಅಂದ ತಕ್ಷಣ ಕಣ್ಮುಚ್ಚಿ 20-1 ಕುದುರೆ ಹಿಡಿಯೋರು ಇನ್ನೊಂದು ಥರದವರು, ಅವರೂ ಸೋಲ್ತಾರೆ. ಆ ಕುದುರೆ ಜನಕ್ಕೆ ಯಾಕೆ ಕೆಟ್ಟದಾಗಿ ಕಾಣ್ತಿದೆ, ಆ ಕಾರಣ ಇವತ್ತಿನ ರೇಸಿಗೆ ಅನ್ವಯ ಆಗುತ್ತಾ, ಇದನ್ನ ನೋಡಬೇಕು.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಶೀಟಲ್ಲಿ ಒಂದು ಕುದುರೆಯ ಕೊನೇ ಸಾಲು: ಟರ್ಫ್ (ಹುಲ್ಲಿನ) ರೇಸ್, ಹೊರಗಿನ 12ನೇ ಗೇಟು, ತಿರುವಲ್ಲಿ ಅಗಲಕ್ಕೆ ಓಡಿ 9ನೇ ಸ್ಥಾನ, 14 ಲೆಂಗ್ತ್ (ಒಂದು ಲೆಂಗ್ತ್ ಅಂದ್ರೆ ಒಂದು ಕುದುರೆಯ ಉದ್ದ) ಹಿಂದೆ, ಬೇಯರ್ 58. ಅದರ ಹಿಂದಿನ ಸಾಲು: ಡರ್ಟ್ (ಮಣ್ಣಿನ ಟ್ರ್ಯಾಕ್), 6 ಫರ್ಲಾಂಗ್, ಮುಂದೆ ಓಡಿ ಎರಡನೇ ಸ್ಥಾನ, ಬೇಯರ್ 81. ಇವತ್ತು ಮತ್ತೆ ಡರ್ಟ್, 6 ಫರ್ಲಾಂಗ್, 3ನೇ ಗೇಟು, ಬಾಕಿ ಕುದುರೆಗಳಲ್ಲಿ ಮುಂದೆ ಓಡೋ ಸ್ವಭಾವದ್ದು ಇನ್ನೊಂದೇ ಇದೆ. ಕ್ಲಾಸ್ (ರೇಸಿನ ಮಟ್ಟ) ಬದಲಾಗಿಲ್ಲ, ಫೇವರಿಟ್‌ದು ಕೊನೇ ಬೇಯರ್ 82. ಆದ್ರೆ ಜನ ನೋಡೋದು ಆ 9ನೇ ಸ್ಥಾನ, 58. ಆಡ್ಸ್ 14-1. ಹದಿನೈದು ಸಲ ಈ ರೇಸ್ ಓಡಿಸಿದ್ರೆ ಇದು ಒಂದಕ್ಕಿಂತ ಜಾಸ್ತಿ ಸಲ ಗೆಲ್ಲುತ್ತೆ ಅಂತ ಅನ್ಸಿದ್ರೆ ಇದೇ ನಿಮ್ಮ ಕುದುರೆ.

ಇಂಥದ್ದೇ ಬೇರೆ ಸುಳಿವುಗಳು: ಮುಂದೆ ಓಡೋ ಸ್ವಭಾವದ ಕುದುರೆ ಇಡೀ ರೇಸಲ್ಲಿ ಒಂದೇ ಇರೋದು, ದೊಡ್ಡ ಗ್ಯಾಪ್ ಆದ ಮೇಲೆ ಎರಡನೇ ರೇಸು, ಗೇಟಲ್ಲಿ ಎಡವಿ ಶುರುನಲ್ಲೇ ಹಿಂದೆ ಬಿದ್ದ ಕೊನೇ ರೇಸು, ಟರ್ಫ್ ವಂಶದ್ದು ಮೊದಲ ಸಲ ಟರ್ಫಿಗೆ ಇಳಿಯೋದು. ಎಚ್ಚರಿಕೆ ಗಂಟೆ ಅಂದ್ರೆ, ಚೆನ್ನಾಗಿ ಓಡ್ತಿದ್ದ ಕುದುರೆನ ಕ್ಲೇಮಿಂಗ್ ರೇಸಲ್ಲಿ (ಓಡೋ ಕುದುರೆಗಳನ್ನ ನಿಗದಿ ಬೆಲೆಗೆ ಕೊಂಡ್ಕೊಳ್ಳಬಹುದಾದ ರೇಸಲ್ಲಿ) ದಿಢೀರ್ ಅಂತ ತುಂಬ ಕಡಿಮೆ ಬೆಲೆಗೆ ಇಳಿಸಿದ್ರೆ. ಯಾರಾದ್ರೂ ಕೊಂಡ್ಕೊಂಡು ಹೋಗ್ಲಿ ಅಂತ ಓನರೇ ಕಾಯ್ತಿದ್ದಾನೆ ಅಂದ್ರೆ ಕಾಲಲ್ಲೇನೋ ಇದೆ ಅಂತ ಅನುಮಾನ ಪಡ್ಲೇಬೇಕು.

ಪ್ರತಿ ರೇಸಿಗೂ ಕುದುರೆ ಪಕ್ಕ ಕನಿಷ್ಠ ಆಡ್ಸ್ ಬರೆದಿಡಿ. 14-1ರಲ್ಲಿ ಚೆನ್ನಾಗಿರೋ ಕುದುರೆ 5-1ಕ್ಕೆ ಇಳಿದ್ರೆ ಅದು ಬೇರೆ ಕುದುರೆನೇ ಅಂದ್ಕೊಳ್ಳಿ.

## ಹಂತ 6: ಆಟದ ದಿನ ಬೆಳಗ್ಗೆ ಎಲ್ಲಾ ಮತ್ತೆ ಚೆಕ್ ಮಾಡಿ

ರಾತ್ರಿ ಕಷ್ಟಪಟ್ಟು ಲಿಸ್ಟ್ ಮಾಡಿ ಬೆಳಗ್ಗೆ ಅದನ್ನೇ ಕಳಿಸಿ ಕೂತ್ಕೊಂಡ್ರೆ ಆಗಲ್ಲ. ಮೊದಲು ಸ್ಕ್ರ್ಯಾಚ್ ಲಿಸ್ಟ್. ನಿಮ್ಮ ಕುದುರೆ ಇದ್ಯಾ ಅಂತ ಮಾತ್ರ ನೋಡಿದ್ರೆ ಸಾಲದು, ಬೇರೆ ಯಾರು ಹೋದ್ರು ಅಂತಾನೂ ನೋಡಿ. ನಿಮ್ಮ ಕುದುರೆ ಹಿಂದಿನಿಂದ ಬರೋದಾಗಿದ್ದು, ಮುಂದೆ ಓಡೋ ಮೂರರಲ್ಲಿ ಎರಡು ಸ್ಕ್ರ್ಯಾಚ್ ಆಗಿದ್ರೆ ನಿಮ್ಮ ಲೆಕ್ಕ ತಲೆಕೆಳಗಾಯ್ತು.

ಆಮೇಲೆ ಮಳೆ. ಟರ್ಫ್ ರೇಸನ್ನ ಡರ್ಟಿಗೆ ಬದಲಾಯಿಸಿದ್ದಾರಾ? ಹಾಗಾದ್ರೆ ಅರ್ಧ ಕುದುರೆ ಹೊರಗೆ ಹೋಗುತ್ತೆ, ಮೈನ್ ಟ್ರ್ಯಾಕ್ ಓನ್ಲಿ ಅಂತ ಎಂಟ್ರಿ ಆಗಿದ್ದವು ಒಳಗೆ ಬರ್ತವೆ, ನಿನ್ನೆ ಮಾಡಿದ ಕೆಲಸ ಪೂರ್ತಿ ವೇಸ್ಟ್, ಹೊಸದಾಗಿ ಓದಿ. ಟೂರ್ನಮೆಂಟ್ ಶುರು ಆದ ಮೇಲೆ ರೇಸ್ ಬದಲಾದ್ರೆ ಏನು ಅನ್ನೋದೂ ರೂಲ್ಸಲ್ಲಿ ಇರುತ್ತೆ.

ಆಲ್ಟರ್ನೇಟ್ ಜಾಗ ಖಾಲಿ ಬಿಡಬೇಡಿ. ಗೇಟ್ ಹತ್ರ ಹೋದ ಮೇಲೂ ವೆಟ್ (ಪಶುವೈದ್ಯರು) ಕುದುರೆನ ವಾಪಸ್ ಕಳಿಸೋದು ಇರುತ್ತೆ, ಆಗ ನೀವು ಬೇಡ ಬೇಡ ಅಂತಿದ್ದ ಫೇವರಿಟ್ಟೇ ನಿಮ್ಮ ಪಾಲಿಗೆ ಬರುತ್ತೆ. ಕಳಿಸಿದ ಮೇಲೆ ಟ್ರ್ಯಾಕ್, ರೇಸ್ ನಂಬರ್, ಕುದುರೆ ನಂಬರ್ ಮೂರನ್ನೂ ಒಂದೊಂದಾಗಿ ಓದಿ ನೋಡಿ. ಗಲ್ಫ್‌ಸ್ಟ್ರೀಮ್‌ನ 7ನೇ ರೇಸಿಗೆ ಅಂದ್ಕೊಂಡದ್ದನ್ನ ಟ್ಯಾಂಪಾ ಬೇಯ 7ನೇ ರೇಸಿಗೆ ಹಾಕಿರೋರು ಇದ್ದಾರೆ.

## ಹಂತ 7: ಆಟ ನಡೀತಿರೋವಾಗ

ಇಷ್ಟದ ರೇಸ್‌ಗಳಿರೋ ಟೂರ್ನಮೆಂಟಲ್ಲಿ ನಿಮ್ಮ ಹತ್ರ ಉಳಿದಿರೋ ಆಯ್ಕೆಗಳನ್ನ ಬುಲೆಟ್ ಅಂತಾರೆ. ಹೆಸರಿಗೆ ತಕ್ಕ ಹಾಗೆ ಮಧ್ಯಾಹ್ನವೇ ಎಲ್ಲಾ ಹಾರಿಸಿಬಿಡೋದು ಎಲ್ಲಕ್ಕಿಂತ ಕಾಮನ್ ತಪ್ಪು. ಪೂರ್ವದ ಟ್ರ್ಯಾಕ್‌ಗಳು ಮೊದಲು ಶುರು ಆಗ್ತವೆ, ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾ, ಡೆಲ್ ಮಾರ್ ಮೂರು ಗಂಟೆ ಹಿಂದಿನ ಟೈಮ್ ಜೋನಲ್ಲಿರೋದ್ರಿಂದ ಆಟದ ಕೊನೆ ಅಲ್ಲಿನ ರೇಸಲ್ಲೇ ಆಗೋದು ಜಾಸ್ತಿ. ಹತ್ತರಲ್ಲಿ ಎರಡು ಮೂರಾದ್ರೂ ಆ ಹೊತ್ತಿಗೆ ಉಳಿಸ್ಕೊಳ್ಳಿ. ಉಲ್ಟಾ ತಪ್ಪೂ ಇದೆ, ಉಳಿಸಿ ಉಳಿಸಿ ಕೊನೆಗೆ ರೇಸೇ ಮುಗಿದು ಬಳಸದ ಬುಲೆಟ್‌ಗೆ ಸೊನ್ನೆ.

ಆಡ್ಸ್ ಬಗ್ಗೆ ಒಂದು ಮಾತು. ಕಂಪ್ಯೂಟರ್ ಇಟ್ಕೊಂಡು ಆಡೋ ದೊಡ್ಡ ಗ್ರೂಪ್‌ಗಳ ದುಡ್ಡು ಕೊನೇ ಕ್ಷಣದಲ್ಲಿ ಬಂದು ಬೀಳುತ್ತೆ. ಗೇಟಿಗೆ ಹೋಗೋವಾಗ 12-1 ಇದ್ದದ್ದು ಮೊದಲ ತಿರುವು ದಾಟೋ ಹೊತ್ತಿಗೆ 8-1 ಆಗಿರುತ್ತೆ, ಯಾರೂ ಮೋಸ ಮಾಡಿಲ್ಲ, ಲೆಕ್ಕ ಸೇರೋದು ತಡವಾಗುತ್ತೆ ಅಷ್ಟೇ. ಹಾಗಾಗಿ 12 ಬೇಕು ಅಂದ್ರೆ ಬೋರ್ಡಲ್ಲಿ 15 ಕಾಣ್ತಿರಬೇಕು ಅನ್ನೋದು ನನ್ನ ರೂಲ್.

ಮೊದಲ ಅರ್ಧದಲ್ಲಿ ಲೀಡರ್‌ಬೋರ್ಡ್ ನೋಡೋದೇ ಬೇಡ. ಯಾರೋ 64 ಹೊಡೆದು ಮೇಲೆ ಹೋಗಿರ್ತಾನೆ, ಅದನ್ನ ನೋಡಿ ಪ್ಲಾನ್ ಬಿಟ್ಟು ಪ್ರತಿ ರೇಸಿಗೂ 30-1 ಹಿಡಿಯೋಕೆ ಹೋಗ್ತೀರ.

## ಹಂತ 8: ಕೊನೇ ಎರಡು ಮೂರು ರೇಸ್

ಈಗ ಲೀಡರ್‌ಬೋರ್ಡ್ ತೆಗೀರಿ, ಈಗ ಅದೇ ಎಲ್ಲಾ. ಇಲ್ಲಿಂದ ಯಾರು ಗೆಲ್ತಾರೆ ಅನ್ನೋದಕ್ಕಿಂತ ಯಾರು ಗೆದ್ರೆ ನಿಮಗೆ ಸಾಕಾಗುತ್ತೆ ಅನ್ನೋದು ಮುಖ್ಯ.

ನೀವು 31 ಪಾಯಿಂಟ್ ಹಿಂದಿದ್ದೀರ, ಒಂದೇ ರೇಸ್ ಬಾಕಿ. 9-1 ಕುದುರೆ ತುಂಬ ಇಷ್ಟ. ಗೆದ್ರೆ 20, ಪ್ಲೇಸ್ ಎಂಟೋ ಒಂಬತ್ತೋ, ಒಟ್ಟು 28-29. ಗೆದ್ರೂ ಸೋಲು! ಅದನ್ನ ಆ ಕ್ಷಣವೇ ಹೊಡೆದುಹಾಕಿ. 12-1 ಆದ್ರೆ 26, ಪ್ಲೇಸ್ ಸುಮಾರು 10, ಒಟ್ಟು 36, ಸಾಕು. ಹಾಗಾದ್ರೆ ಇವತ್ತು ನಿಮ್ಮ ಪಾಲಿಗೆ ಈ ರೇಸಲ್ಲಿ 12-1 ಮತ್ತು ಮೇಲಿನ ಕುದುರೆಗಳು ಮಾತ್ರ ಇದಾವೆ, ಅದ್ರಲ್ಲಿ ಒಳ್ಳೇದು ಯಾವುದು ಅಂತ ನೋಡಿ. ಪ್ಲೇಸ್ ಡಿವಿಡೆಂಡ್ ಜೊತೆಗೆ ಬಂದ ಇನ್ನೊಂದು ಕುದುರೆ ಮೇಲೆ ನಿಂತಿರುತ್ತೆ, ಫೇವರಿಟ್ ಎರಡನೇದು ಬಂದ್ರೆ ಕಡಿಮೆ ಆಗುತ್ತೆ, ಅದಕ್ಕೇ ಸ್ವಲ್ಪ ಮಾರ್ಜಿನ್ ಇಟ್ಕೊಳ್ಳಿ.

ನೀವೇ ಮುಂದಿದ್ರೆ ಉಲ್ಟಾ ಯೋಚನೆ. ಹಿಂದಿರೋನು 31 ಹಿಂದಿದ್ರೆ ಅವನು ಹಿಡಿಯೋ ಕುದುರೆ ಯಾವುದು ಅಂತ ನಿಮಗೂ ಗೊತ್ತಾಗುತ್ತೆ, ಆ 12-1, 15-1ರಲ್ಲಿ ಎಲ್ಲರೂ ಇಷ್ಟಪಡೋ ಒಂದು ಇರುತ್ತೆ. ಅದನ್ನೇ ನೀವೂ ತಗೊಂಡ್ರೆ ಅದು ಗೆದ್ರೂ ಅಂತರ ಹಾಗೇ ಉಳಿಯುತ್ತೆ. ಇದಕ್ಕೆ ಬ್ಲಾಕಿಂಗ್ ಅಂತಾರೆ. ಮುಂದಿರೋರು "ಸೇಫ್ ಆಗಿ" ಫೇವರಿಟ್ ಹಿಡಿದು ಆರೇಳು ಪಾಯಿಂಟ್ ಸೇರಿಸ್ಕೊಳ್ಳೋದು ಸೇಫ್ ಏನಲ್ಲ.

## ಹಂತ 9: ಲೈವ್ ಮನಿ ಆದ್ರೆ ಇಷ್ಟು ಬದಲಾಗುತ್ತೆ

ಇಲ್ಲಿ ಬ್ಯಾಂಕ್‌ರೋಲ್ (ಬೆಟ್ ಹಾಕೋಕೆ ಇರೋ ಮೊತ್ತ) ನಿಜವಾದ ದುಡ್ಡು, ಕ್ಯಾಪ್ ಇಲ್ಲ, ಕೊನೆಗೆ ಉಳಿದದ್ದೇ ಸ್ಕೋರ್, ಆ ದುಡ್ಡು ನಿಮ್ಮದೇ. ಬ್ರೀಡರ್ಸ್ ಕಪ್ ಬೆಟ್ಟಿಂಗ್ ಚಾಲೆಂಜಲ್ಲಿ 10,000 ಡಾಲರ್ ಎಂಟ್ರಿಯಲ್ಲಿ 7,500 ಬ್ಯಾಂಕ್‌ರೋಲ್, 2,500 ಬಹುಮಾನದ ಪಾಲಿಗೆ. ಸಣ್ಣ ಟ್ರ್ಯಾಕ್‌ಗಳಲ್ಲಿ ಇದಕ್ಕಿಂತ ತುಂಬ ಕಡಿಮೆದು ಇರುತ್ತೆ, ಅಲ್ಲಿಂದ ಶುರು ಮಾಡಿ.

ಕನಿಷ್ಠ ಇಷ್ಟು ರೇಸಲ್ಲಿ ಕನಿಷ್ಠ ಇಷ್ಟು ಹಾಕಬೇಕು ಅನ್ನೋ ರೂಲ್ ಇರುತ್ತೆ, ತಪ್ಪಿದ್ರೆ ಪೆನಾಲ್ಟಿ ಅಥವಾ ಔಟ್. ಎಷ್ಟು ಬೆಟ್ ಆಯ್ತು ಅಂತ ಹಾಳೆ ಮೇಲೆ ಗೀಟು ಹಾಕ್ತಾ ಹೋಗಿ. ಇನ್ನೊಂದು, ನಿಮ್ಮ ಬೆಟ್ ನಿಜವಾಗ್ಲೂ ಎಲ್ಲರ ದುಡ್ಡು ಸೇರೋ ಪೂಲಿಗೆ ಹೋಗುತ್ತೆ, ಸಣ್ಣ ಟ್ರ್ಯಾಕಿನ ಸಣ್ಣ ಪೂಲಲ್ಲಿ ದೊಡ್ಡ ಮೊತ್ತ ಹಾಕಿದ್ರೆ ನಿಮ್ಮ ಆಡ್ಸನ್ನ ನೀವೇ ಇಳಿಸ್ಕೊಳ್ತೀರ. ಇಲ್ಲಿ ಗೆಲ್ಲೋರು ಎಲ್ಲಾ ರೇಸಲ್ಲೂ ಸಮ ಸಮ ಹಾಕಲ್ಲ, ಕನಿಷ್ಠ ಮುಗಿಸಿ, ತಮಗೆ ಗಟ್ಟಿ ಅನ್ನಿಸಿದ ಒಂದೆರಡು ಕಡೆ ದೊಡ್ಡದಾಗಿ ಹಾಕ್ತಾರೆ. ಹಾಗಾಗಿ ಎಂಟ್ರಿ ಕಟ್ಟೋ ಕ್ಷಣವೇ ಆ ಬ್ಯಾಂಕ್‌ರೋಲ್ ಹೋಯ್ತು ಅಂದ್ಕೊಂಡು ಕಟ್ಟೋಕಾದ್ರೆ ಮಾತ್ರ ಇಳೀರಿ, ಸೋತದ್ದನ್ನ ವಾಪಸ್ ತಗೊಳ್ಳೋಕೆ ಅದೇ ಸಂಜೆ ಇನ್ನೊಂದು ಎಂಟ್ರಿ ಕಟ್ಟೋಕೆ ಕೈ ಹೋಗ್ತಿದ್ರೆ ಲ್ಯಾಪ್‌ಟಾಪ್ ಮುಚ್ಚಿ.

## ಮುಗಿದ ಮೇಲೆ

ಶೀಟ್ ಬಿಸಾಡಬೇಡಿ. ಪ್ರತಿ ರೇಸಿನ ಮುಂದೆ ಮೂರು ಬರೀರಿ: ಬರೆದಿಟ್ಟ ಕನಿಷ್ಠ ಆಡ್ಸ್, ಕೊನೇ ಆಡ್ಸ್, ಕುದುರೆ ಬಂದ ಸ್ಥಾನ. ಕೆಲವು ಟೂರ್ನಮೆಂಟ್ ಆದ ಮೇಲೆ ನೋಡಿದ್ರೆ ನಿಮ್ಮ 10-1 ಮೇಲಿನ ಕುದುರೆಗಳು ಎರಡನೇದು ಮೂರನೇದು ಬರ್ತಿದಾವಾ, ಇಲ್ಲಾ ಕೊನೇಲಿ ನಡ್ಕೊಂಡು ಬರ್ತಿದಾವಾ ಅನ್ನೋದು ಕಾಣುತ್ತೆ. ಮೊದಲನೇದಾದ್ರೆ ಓದೋದು ಸರಿ ಇದೆ, ಹೀಗೇ ಆಡ್ತಾ ಇರಿ. ಎರಡನೇದಾದ್ರೆ ಎಂಟ್ರಿ ಕಟ್ಟೋದು ನಿಲ್ಲಿಸಿ, ದುಡ್ಡಿಲ್ಲದೆ ಹಾಳೆ ಮೇಲೇ ಆಡಿ, ಐದನೇ ಹಂತ ಸರಿ ಮಾಡ್ಕೊಂಡು ಆಮೇಲೆ ಬನ್ನಿ.